ಪುರುಸೊತ್ತು ಯಾರ ಸೊತ್ತು?

ಪುರುಸೊತ್ತು ಎಂಬ ಮಾತು ನಮ್ಮ ಮನೆಗಳಲ್ಲಿ ಬಹುಕಾಲ 'ಇಲ್ಲ'ದ ಜೊತೆಗೇ ಬಾಳಿದೆ. 'ತಲೆ ಕೆರೆದುಕೊಳ್ಳೋಕೂ ಪುರುಸೊತ್ತಿಲ್ಲ', 'ಸಾಯೋಕೂ ಪುರುಸೊತ್ತಿಲ್ಲ' ಅನ್ನುತ್ತೇವೆ. ಹೊರಟು ನಿಂತ ನೆಂಟರಿಗೆ 'ಪುರುಸೊತ್ತು ಮಾಡಿಕೊಂಡು ಬನ್ನಿ' ಅನ್ನುವಾಗಲೂ ಅದು ಅವರ ಬಳಿ ಈಗ ಇಲ್ಲ ಎಂದು ಒಪ್ಪಿಕೊಂಡೇ ಅನ್ನುತ್ತೇವೆ.

ಅರಬ್ಬಿಯಲ್ಲಿ 'ಫುರ್ಸ' ಎಂದರೆ ಅವಕಾಶ, ಒದಗಿ ಬಂದ ಸಂದರ್ಭ. ಪಾರಸಿಯಲ್ಲಿ ಅದು 'ಫುರ್ಸತ್' ಆಯಿತು. ಹಿಂದೂಸ್ತಾನಿಯಲ್ಲಿ ಬಿಡುವಿನ ಅರ್ಥ ಪಡೆದು ಕನ್ನಡಕ್ಕೆ ಬಂತು. ಉತ್ತರ ಕರ್ನಾಟಕದವರ ಬಾಯಲ್ಲಿ ಅದು ಪುರಸತ್ತು, ಇತ್ತ ದಕ್ಷಿಣದಲ್ಲಿ ಪುರುಸೊತ್ತು. ಕೊನೆಗೆ ಕೇಳಿಸುವ 'ಸೊತ್ತಿ'ಗೂ ಆಸ್ತಿಪಾಸ್ತಿಯ ಸೊತ್ತಿಗೂ ಹುಟ್ಟಿನ ನಂಟಿಲ್ಲ. ಆದರೂ ಕನ್ನಡದ ಕಿವಿಗೆ ಅದು ಕೇಳಿಸಿಯೇ ತೀರುತ್ತದೆ.

ನಮ್ಮದೇ ಆದ 'ಬಿಡುವು' ಇರುವಾಗ ಈ ಮಾತು ಯಾಕೆ ನೆಲೆ ನಿಂತಿತು? ಬಿಡುವು ಹುಟ್ಟಿದ್ದು 'ಬಿಡು'ವಿನಿಂದ. ಅದರ ಕಣ್ಣು ಕೈಬಿಟ್ಟು ಬಂದ ಕೆಲಸದ ಮೇಲಿದೆ. ಪುರುಸೊತ್ತಿನ ಕಣ್ಣು ಮುಂದಿದೆ. 'ಪುರುಸೊತ್ತಿದ್ದಿದ್ದರೆ ಸಂಗೀತ ಕಲೀತಿದ್ದೆ' ಅನ್ನುವವಳ ಮಾತಿನಲ್ಲಿ ಒಂದು ಆಸೆಯಿದೆ, ಒದಗಿ ಬರಬೇಕಾಗಿದ್ದ ಅವಕಾಶವಿದೆ. ಅರಬ್ಬಿಯ ಹಳೆಯ ಅರ್ಥ ಇಲ್ಲಿ ಇನ್ನೂ ಜೀವ ಹಿಡಿದುಕೊಂಡಿದೆ ಎಂದು ನನಗನ್ನಿಸುತ್ತದೆ.

2020ರ ಮಾರ್ಚ್ 24ರ ರಾತ್ರಿ ಪ್ರಧಾನಿ ಟಿ.ವಿ.ಯಲ್ಲಿ 21 ದಿನಗಳ ಲಾಕ್‌ಡೌನ್ ಘೋಷಿಸಿದರು. ಬೆಳಗಾದರೆ ಶಾರ್ವರಿ ಸಂವತ್ಸರದ ಯುಗಾದಿ. ಬೇವು ಬೆಲ್ಲ ಹಂಚಲು ಪಕ್ಕದ ಮನೆಗೂ ಹೋಗುವಂತಿರಲಿಲ್ಲ. ಆ ವಾರದಲ್ಲೇ ಪುರುಸೊತ್ತು ತನ್ನ ಬೆನ್ನಿಗಂಟಿದ 'ಇಲ್ಲ'ವನ್ನು ಕಳಚಿಕೊಂಡಿತು. ಫೋನು ಮಾಡಿದವರೆಲ್ಲ 'ಈಗ ಪುರುಸೊತ್ತೇ ಪುರುಸೊತ್ತು' ಅನ್ನುವವರೇ. ಮಾರ್ಚ್ 28ರಿಂದ ದೂರದರ್ಶನ ಹಳೆಯ ರಾಮಾಯಣವನ್ನು ಮತ್ತೆ ತೋರಿಸಿತು. ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆಗಳೆದ್ದವು. ಅಟ್ಟದ ಮೇಲಿದ್ದ ಅಳಗುಳಿ ಮಣೆ ಧೂಳು ಕೊಡವಿಕೊಂಡು ಇಳಿಯಿತು. ಅಜ್ಜಿಯ ಬಾಲ್ಯದ ಕತೆಯನ್ನು ಮೊಮ್ಮಕ್ಕಳು ಮೊದಲ ಸಲ ಕೊನೆತನಕ ಕೇಳಿದರು. ಆ ದಿನಗಳ ಈ ಸುಖ ನಿಜವಾದದ್ದು. ಹೊರಗಿನ ಭಯದ ನಡುವೆ ಅದು ಎಷ್ಟೋ ಮನೆಗಳನ್ನು ಕಾಪಾಡಿತು.

ಆದರೆ ಈ ಮಾತಿಗೆ ಇನ್ನೊಂದು ಬಳಕೆಯಿದೆ. 'ಕೂತುಕೊಳ್ಳೋಕೆ ಪುರುಸೊತ್ತಿಲ್ಲ, ಬಾಗಿಲು ಬಡಿದರು' ಎಂದರೆ ಕೂತ ಮರುಗಳಿಗೆಯೇ ಬಡಿದರು ಎಂದರ್ಥ. ಒಂದು ಕೆಲಸಕ್ಕೂ ಮುಂದಿನ ಕೆಲಸಕ್ಕೂ ನಡುವೆ ಎಳ್ಳಷ್ಟೂ ಸಂದಿಲ್ಲ ಎಂದು ಹೇಳಲು ಕನ್ನಡ ಕಂಡುಕೊಂಡ ಬಗೆ ಇದು. ಲಾಕ್‌ಡೌನಿನ ಅಡುಗೆಮನೆ ಮಾತಾಡಿದ್ದು ಇದೇ ವರಸೆಯಲ್ಲಿ. ಮುಸುರೆ ತಿಕ್ಕಿ ಬೋರಲು ಹಾಕೋಕೆ ಪುರುಸೊತ್ತಿಲ್ಲ, ಕಾಫಿ ಲೋಟಗಳು ಬಂದು ಬಿದ್ದವು. ತಿಂಡಿ ಮುಗಿಯೋಕೆ ಪುರುಸೊತ್ತಿಲ್ಲ, ಮಧ್ಯಾಹ್ನ ಏನು ಅಡುಗೆ ಎಂದು ಕೇಳಿದರು. ಮನೆಕೆಲಸದವರು ಬರುವಂತಿರಲಿಲ್ಲ. ಹಾಲಿನ ಪ್ಯಾಕೆಟ್ಟನ್ನೂ ಸೋಪುನೀರಿನಲ್ಲಿ ತೊಳೆಯಬೇಕು, ತರಕಾರಿಯನ್ನು ಉಪ್ಪುನೀರಿನಲ್ಲಿ ನೆನೆಹಾಕಬೇಕು, ಹೊರಗೆ ಹೋಗಿ ಬಂದವರ ಬಟ್ಟೆಯನ್ನು ಆಗಲೇ ಒಗೆಯಬೇಕು. ಇವೆಲ್ಲ ಹೊಸದಾಗಿ ಹುಟ್ಟಿದ ಕೆಲಸಗಳು. ನಮ್ಮ ಅತ್ತಿಗೆ ಫೋನಿನಲ್ಲಿ ಹೇಳಿದ ಮಾತು ನನ್ನಲ್ಲಿ ಉಳಿದುಬಿಟ್ಟಿದೆ: 'ಎಲ್ಲರಿಗೂ ರಜ ಬಂತು ಕಣೇ, ಒಲೆಗೆ ಬರಲಿಲ್ಲ.'

ಒಲೆಗೆ ಮೊದಲೂ ರಜ ಇರಲಿಲ್ಲ. ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಕೇಂದ್ರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಲಾಕ್‌ಡೌನಿನ ಹಿಂದಿನ ವರ್ಷ, 2019ರಲ್ಲಿ, ಸಮೀಕ್ಷೆ ನಡೆಸಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಅದೂ ಆ ಕೆಲಸಕ್ಕೆ ಕೈಹಾಕಿದ ಗಂಡಸರ ಲೆಕ್ಕ. ಅಂಥವರು ನೂರರಲ್ಲಿ 26 ಮಂದಿ ಮಾತ್ರ. ಹೆಂಗಸರಲ್ಲಿ 81 ಮಂದಿ. ಎಲ್ಲರೂ ಹೊರಗೆ ದುಡಿಯಲು, ಓದಲು ಹೋಗುತ್ತಿದ್ದ ವರ್ಷದ ಲೆಕ್ಕ ಇದು. ಎಲ್ಲರೂ ಮೂರು ಹೊತ್ತೂ ಮನೆಯಲ್ಲೇ ಉಂಡ ತಿಂಗಳುಗಳಲ್ಲಿ ಆ ಐದು ಗಂಟೆ ಏನಾಗಿರಬಹುದು ಎಂಬುದನ್ನು ಪ್ರತಿ ಮನೆಯವರೂ ಊಹಿಸಬಲ್ಲರು.

ದುಡಿಮೆ ನಿಂತವರ ಮನೆಯಲ್ಲಿ ಈ ಮಾತಿನ ಮುಖ ಬೇರೆಯೇ ಇತ್ತು. ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕ್ಷೌರಿಕರಿಗೆ, ಅಗಸರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿಯ ಪರಿಹಾರ ಘೋಷಿಸಿತು. ಬಾಗಿಲು ಮುಚ್ಚಿದ ಅಂಗಡಿಯ ಕ್ಷೌರಿಕನ ಕೈಯಲ್ಲಿ ಇಡೀ ದಿನವಿತ್ತು. ಅದನ್ನು ಯಾರೂ ಪುರುಸೊತ್ತು ಎಂದು ಕರೆಯಲಿಲ್ಲ. ನಾಳೆಯ ಊಟದ ಭರವಸೆಯಿಲ್ಲದಿದ್ದರೆ ಖಾಲಿ ಹೊತ್ತು ಬರೀ ಖಾಲಿ ಹೊತ್ತು. ಪುರುಸೊತ್ತಿಗೆ ನೆಮ್ಮದಿಯ ಬೆಂಬಲ ಬೇಕು ಎಂಬುದು ನುಡಿಯಾಡುವವರಿಗೆಲ್ಲ ಹೇಳಿಕೊಡದೆಯೇ ಗೊತ್ತಿದೆ.

ಇದನ್ನೆಲ್ಲ ನೆನೆದಾಗ ಈ ಪದದ ಜೊತೆ ಬರುವ ಕ್ರಿಯಾಪದದ ಕಡೆ ನನ್ನ ಗಮನ ಹೋಗುತ್ತದೆ. ಪುರುಸೊತ್ತು 'ಮಾಡಿಕೊ' ಎನ್ನುತ್ತೇವೆ, ಪ್ರತಿಯೊಬ್ಬರೂ ತಮ್ಮದನ್ನು ತಾವೇ ಸಂಪಾದಿಸಬೇಕು ಎಂಬಂತೆ. ಮನೆಯ ಲೆಕ್ಕ ಹಾಗಿಲ್ಲ. ರಾಮಾಯಣದ ಮುಂದೆ ಕೂತವರ ಒಂದು ಗಂಟೆಯನ್ನು ಒಳಗೆ ಒಗ್ಗರಣೆ ಹಾಕುತ್ತಿದ್ದವಳು ಮಾಡಿಕೊಟ್ಟಿದ್ದಳು. ಆ ತಿಂಗಳುಗಳಲ್ಲಿ ಕೆಲವು ಮನೆಗಳಲ್ಲಿ ಇದು ತಿರುಗಿತು. ಮಗ ಚಪಾತಿ ಹಿಟ್ಟು ಕಲಸಲು ಕಲಿತ, ಗಂಡ ರಾತ್ರಿಯ ಪಾತ್ರೆಗಳನ್ನು ತನ್ನ ಪಾಲಿಗೆ ತೆಗೆದುಕೊಂಡ, ಒಬ್ಬ ಹೆಣ್ಣುಮಗಳು ಊಟವಾದ ಮೇಲೆ ಕೂತು ಪುಸ್ತಕ ಹಿಡಿದಳು. ಅಲ್ಲಿ ನಡೆದದ್ದಕ್ಕೆ ತಕ್ಕ ಮಾತು 'ಪುರುಸೊತ್ತು ಮಾಡಿಕೊಡು'. ನಮ್ಮ ವ್ಯಾಕರಣಕ್ಕೆ ಇದರಿಂದ ಯಾವ ತೊಡಕೂ ಇಲ್ಲ, ಬಳಕೆಯಷ್ಟೇ ಕಡಿಮೆ. ಬಾಗಿಲುಗಳು ತೆರೆದು ಕಚೇರಿ, ಶಾಲೆಗಳು ಮತ್ತೆ ನಡೆಯುತ್ತಿರುವ ಈ ಕಾಲದಲ್ಲೂ 'ಅಮ್ಮ, ನಿನಗೆ ಪುರುಸೊತ್ತು ಮಾಡಿಕೊಡ್ತೀನಿ' ಎಂದು ಹೇಳಿ ತೋಳು ಮಡಚುವವರು ಮನೆಗೊಬ್ಬರಾದರೂ ಬೇಕು.