ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರದ ವಿಕಿರಣ ಚಿಕಿತ್ಸೆ

ಕ್ಯಾನ್ಸರಿಗಾಗಿ ಪ್ರಾಸ್ಟೇಟ್ ಗ್ರಂಥಿ ತೆಗೆದ ಮೇಲೆ, ಅದಿದ್ದ ಜಾಗಕ್ಕೆ ಎಕ್ಸ್-ಕಿರಣ ಹಾಯಿಸಿ ಉಳಿದಿರಬಹುದಾದ ರೋಗಕೋಶಗಳನ್ನು ನಾಶಮಾಡುವ ವಿಧಾನ. ಗ್ರಂಥಿ ಹೋದ ಬಳಿಕ, ಅದು ತಯಾರಿಸುವ ಪಿಎಸ್ಎ ಎಂಬ ಪ್ರೋಟೀನಿನ ಅಂಶ ರಕ್ತದಲ್ಲಿ ಬಹುತೇಕ ಶೂನ್ಯಕ್ಕಿಳಿಯಬೇಕು. ಮತ್ತೆ ಏರಿ ಮಿಲಿಲೀಟರಿಗೆ 0.2 ನ್ಯಾನೊಗ್ರಾಂ ಮುಟ್ಟಿದರೆ ರೋಗ ಮರುಕಳಿಸಿದೆಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಹೆಚ್ಚಿನವರಿಗೆ ಪಿಎಸ್ಎ ಮತ್ತೆ ಏರತೊಡಗಿದಾಗ ವಿಕಿರಣ ಕೊಟ್ಟರೆ ಸಾಕು, ಮೊದಲೇ ಬೇಕಿಲ್ಲವೆಂದು 2020ರಲ್ಲಿ ಪ್ರಕಟವಾದ ರ್‍ಯಾಡಿಕಲ್ಸ್ ಅಧ್ಯಯನ ತೋರಿಸಿತು. ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಏಳು ವಾರ ಚಿಕಿತ್ಸೆ ನಡೆಯುತ್ತದೆ. ಪ್ರತಿ ಸಲವೂ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು, ಮಲವಿಸರ್ಜನೆ ಮುಗಿಸಿ ಮಲಗಬೇಕು. ಇದರಿಂದ ಅಕ್ಕಪಕ್ಕದ ಅಂಗಗಳಿಗೆ ಹಾನಿ ಕಡಿಮೆಯಾಗುತ್ತದೆ. ಅಡ್ಡಪರಿಣಾಮವಾಗಿ ಪದೇ ಪದೇ ಮೂತ್ರ, ಉರಿ, ಕೆಲವರಿಗೆ ಗುದದಲ್ಲಿ ರಕ್ತ ಕಾಣಿಸಬಹುದು. ಈ ಚಿಕಿತ್ಸೆಗಾಗಿ ಚಾಮರಾಜನಗರ, ಗುಂಡ್ಲುಪೇಟೆಗಳಂಥ ಊರುಗಳಿಂದ ಸುಮಾರು 60 ಕಿ.ಮೀ. ದೂರದ ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೋ ವಾರಗಟ್ಟಲೆ ಓಡಾಡುವುದು ದುಡಿಯುವ ಕುಟುಂಬಕ್ಕೆ ನಿಜವಾದ ಹೊರೆ. ಹಾಗೆಂದು ಚಿಕಿತ್ಸೆಯನ್ನು ನಡುವೆ ಬಿಡಬಾರದು, ಪಿಎಸ್ಎ ಪರೀಕ್ಷೆಯನ್ನೂ ತಪ್ಪಿಸಬಾರದು.