ತಾರೀಖು ಬದಲಾದ ದಿನ

ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಬೆಂಗಳೂರಿಗೆ ಇಳಿದು, ಆಸ್ಪತ್ರೆಯಲ್ಲಿ ರಕ್ತ ಕೊಟ್ಟು, ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕಾದು ಕೂತ ಹೆಂಗಸಿಗೆ ನರ್ಸ್ ಬಂದು ಹೇಳುತ್ತಾರೆ: "ಕೌಂಟ್ ಕಮ್ಮಿ ಬಂದಿದೆಯಮ್ಮ, ಇವತ್ತು ಕಿಮೋ ಆಗಲ್ಲ. ಮುಂದಿನ ವಾರ ಬನ್ನಿ." ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದು ಆಗಾಗ ಕೇಳಿಬರುವ ಮಾತು. ಬಿಳಿ ರಕ್ತಕಣ ಇಳಿದಿರುವಾಗ ಮತ್ತೆ ಔಷಧಿ ಏರಿಸಿದರೆ ಸೋಂಕು ಪ್ರಾಣಕ್ಕೇ ಕುತ್ತಾಗಬಹುದು, ಅದಕ್ಕೇ ಕಾಯುತ್ತಾರೆ. ಆ ಹೆಂಗಸಿನ ತಲೆಯಲ್ಲಿ ಓಡುವುದು ಬೇರೆ. ನನ್ನ ಮೈ ಔಷಧಿ ತಡೀತಿಲ್ವಾ? ಈ ಒಂದು ವಾರದಲ್ಲಿ ಗಡ್ಡೆ ಬೆಳೆದುಬಿಟ್ರೆ? ಜೊತೆಗೆ ಬಂದ ಮಗನಿಗೆ ಮತ್ತೆ ರಜೆ ಸಿಗುತ್ತಾ?

ಇಂಥ ಪ್ರಶ್ನೆಗಳಿಗೆ ವೈದ್ಯಲೋಕ ಕಿವಿಗೊಡಲು ಬಹಳ ಕಾಲ ಹಿಡಿಯಿತು. ಅಲ್ಲಿಯತನಕ ಅವನ್ನು ಹೆಂಗಸರ ಅಂಜುಬುರುಕತನವೆಂದೇ ಎಣಿಸಲಾಗುತ್ತಿತ್ತು. ಈ ಎಣಿಕೆ ಹೇಗೆ ಬದಲಾಯಿತು ಎಂಬುದನ್ನು ನೋಡುತ್ತ ಹೋದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಅನಿಶ್ಚಯದ ಬಹುಪಾಲು ರೋಗಿಯ ಸ್ವಭಾವದಿಂದ ಹುಟ್ಟಿದ್ದಲ್ಲ, ಚಿಕಿತ್ಸೆ ನಡೆಯುವ ರೀತಿಯಿಂದ ಹುಟ್ಟಿದ್ದು.

19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಿಲಿಯಂ ಹಾಲ್‌ಸ್ಟೆಡ್ ರೂಢಿಗೆ ತಂದ ಶಸ್ತ್ರಚಿಕಿತ್ಸೆಯಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ಇನ್ನೊಂದು ಪದ್ಧತಿ ಸೇರಿತು. ಅರಿವಳಿಕೆ ಕೊಟ್ಟು ಗಂಟಿನ ಚೂರು ತೆಗೆಯುವುದು, ರೋಗಿ ಮಲಗಿರುವಾಗಲೇ ಅದನ್ನು ಹೆಪ್ಪುಗಟ್ಟಿಸಿ ಪರೀಕ್ಷಿಸುವುದು, ಕ್ಯಾನ್ಸರ್ ಎಂದು ಕಂಡರೆ ಅದೇ ಮೇಜಿನ ಮೇಲೆ ಸ್ತನ ತೆಗೆದುಬಿಡುವುದು. ಎರಡಕ್ಕೂ ಸಹಿ ಹಾಕಿಯೇ ಒಳಗೆ ಹೋಗಬೇಕು. ಎಚ್ಚರವಾದ ಮೇಲೆ ಎದೆ ಮುಟ್ಟಿ ನೋಡಿಕೊಂಡಾಗಲೇ ಫಲಿತಾಂಶ ತಿಳಿಯುವುದು. ಇದಕ್ಕಿಂತ ಕ್ರೂರವಾದ ಅನಿಶ್ಚಯವನ್ನು ಯೋಚಿಸಲೂ ನನಗೆ ಆಗುವುದಿಲ್ಲ.

ಮೊದಲು ದನಿ ಎತ್ತಿದವರು ರೋಗಿಗಳೇ. 1950ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಸ್ವತಃ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಅದೇ ಸ್ಥಿತಿಯಲ್ಲಿದ್ದ ಬೇರೆ ಹೆಂಗಸರನ್ನು ಹಾಸಿಗೆಯ ಪಕ್ಕ ಕೂತು ಮಾತಾಡಿಸಲು ಹೊರಟರು. ಅವರ 'ರೀಚ್ ಟು ರಿಕವರಿ' ಕಾರ್ಯಕ್ರಮವನ್ನು 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ತನ್ನದಾಗಿಸಿಕೊಂಡಿತು. 1974ರಲ್ಲಿ ಎದೆಯಲ್ಲಿ ಗಂಟು ಕಂಡ ಪತ್ರಕರ್ತೆ ರೋಸ್ ಕುಶ್ನರ್ ಇನ್ನೂ ಮುಂದೆ ಹೋದರು: ಮೊದಲು ಬಯಾಪ್ಸಿ ಮಾತ್ರ ಮಾಡಿ, ಮುಂದಿನದನ್ನು ನಾನು ಎಚ್ಚರದಲ್ಲಿದ್ದು ತೀರ್ಮಾನಿಸುತ್ತೇನೆ ಎಂದು ಹಟ ಹಿಡಿದರು. ಹಲವು ವೈದ್ಯರು ಒಪ್ಪಲಿಲ್ಲ. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಭೆ ಎರಡೂ ಹಂತಗಳನ್ನು ಬೇರ್ಪಡಿಸುವಂತೆ ಶಿಫಾರಸು ಮಾಡಿತು, ಆ ಸಮಿತಿಯಲ್ಲಿ ಕುಶ್ನರ್ ಕೂಡ ಇದ್ದರು. ಗಂಟನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಆಯಸ್ಸು ಕಡಿಮೆಯಾಗದು ಎಂದು ಬರ್ನಾರ್ಡ್ ಫಿಶರ್ ಅವರ ತಂಡ 1985ರಲ್ಲಿ ವರದಿ ಮಾಡಿತು. ಕತ್ತಲಲ್ಲಿಡುವ ಕಾಲ ಮುಗಿಯಿತು, ಆಯ್ಕೆಯ ಭಾರ ಶುರುವಾಯಿತು.

ಈ ಭಾರಕ್ಕೆ ಹೆಸರು ಕೊಟ್ಟವರಲ್ಲಿ ನಾನು ಅತಿ ಹೆಚ್ಚು ಗೌರವಿಸುವುದು ಮರ್ಲ್ ಮಿಶೆಲ್ ಅವರನ್ನು. ನರ್ಸಿಂಗ್ ಕ್ಷೇತ್ರದಿಂದ ಬಂದ ವಿದ್ವಾಂಸೆ ಇವರು. ಕ್ಯಾನ್ಸರ್‌ನಿಂದ ಸಾಯುತ್ತಿದ್ದ ಅವರ ತಂದೆಗೆ ತನ್ನ ಮೈಗೆ ಏನಾಗುತ್ತಿದೆಯೆಂದು ಅರ್ಥವಾಗುತ್ತಿರಲಿಲ್ಲ. ತನ್ನ ಹಿಡಿತದಲ್ಲಿ ಉಳಿದಿದ್ದ ಸಣ್ಣಪುಟ್ಟ ಸಂಗತಿಗಳಿಗೇ ಅವರು ಅಂಟಿಕೊಂಡಿದ್ದನ್ನು ಮಗಳು ನೋಡಿದರು. 1981ರಲ್ಲಿ ಮಿಶೆಲ್ ಕಾಯಿಲೆಯ ಅನಿಶ್ಚಯವನ್ನು ಅಳೆಯುವ ಪ್ರಶ್ನಾವಳಿ ಪ್ರಕಟಿಸಿದರು, 1988ರಲ್ಲಿ ಸಿದ್ಧಾಂತ ಮಂಡಿಸಿದರು. ಕಾಯಿಲೆಯಲ್ಲಿ ನಡೆಯುವುದಕ್ಕೆ ಅರ್ಥ ಕಟ್ಟಲಾಗದ ಸ್ಥಿತಿಯೇ ಅನಿಶ್ಚಯ ಎಂದರು. ಲಕ್ಷಣ ಮಸುಕಾಗಿರುವುದು, ಮಾಹಿತಿ ಸಿಗದಿರುವುದು, ಒಬ್ಬೊಬ್ಬರು ಒಂದೊಂದು ಹೇಳುವುದು, ಮುಂದೇನೆಂದು ಊಹಿಸಲಾಗದಿರುವುದು, ಇವೆಲ್ಲ ಅದರ ಬೇರುಗಳು. ನಂಬಿಕಸ್ಥ ವೈದ್ಯ, ತಿಳಿಸಿ ಹೇಳುವ ನರ್ಸ್, ಹತ್ತಿರದ ಬಂಧುಗಳು ಇದ್ದರೆ ಅದು ತಗ್ಗುತ್ತದೆ. 1990ರಲ್ಲಿ ಅವರು ತಮ್ಮ ಸಿದ್ಧಾಂತವನ್ನೇ ತಿದ್ದಿದರು: ದೀರ್ಘ ಕಾಯಿಲೆಯಲ್ಲಿ ಅನಿಶ್ಚಯ ಪೂರ್ತಿ ಹೋಗುವುದಿಲ್ಲ, ಅದರ ಜೊತೆಗೇ ಬದುಕುವ ಹೊಸ ದೃಷ್ಟಿ ಬೆಳೆಯಬಹುದು. ಮುಂದೆ, ಚಿಕಿತ್ಸೆ ಮುಗಿದು ವರ್ಷಗಳಾದರೂ ಪ್ರತಿ ಸಣ್ಣ ನೋವಿಗೂ ಬೆಚ್ಚುವ ಸ್ತನ ಕ್ಯಾನ್ಸರ್ ಗೆದ್ದ ಮಹಿಳೆಯರಿಗೆ ಧ್ವನಿಮುದ್ರಿಕೆ, ಕೈಪಿಡಿ, ನರ್ಸ್‌ಗಳ ಫೋನ್ ಕರೆ ಸೇರಿಸಿ ಒಂದು ಕಾರ್ಯಕ್ರಮವನ್ನೂ ರೂಪಿಸಿದರು.

ಇತ್ತ ಮನೋವೈದ್ಯೆ ಜಿಮ್ಮಿ ಹಾಲೆಂಡ್ 1977ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳ ಮನಸ್ಸಿಗೆಂದೇ ವಿಭಾಗ ಕಟ್ಟಿದರು. 'ಖಿನ್ನತೆ ಇದೆಯಾ' ಎಂದು ಕೇಳಿದರೆ ರೋಗಿಗಳು ಹಿಂಜರಿಯುತ್ತಿದ್ದರು. ಆದ್ದರಿಂದ 1998ರ ಹೊತ್ತಿಗೆ ಅವರ ತಂಡ 'ಈ ವಾರ ನಿಮ್ಮ ಸಂಕಟ ಎಷ್ಟು, ಸೊನ್ನೆಯಿಂದ ಹತ್ತರಲ್ಲಿ ಹೇಳಿ' ಎನ್ನುವ ಥರ್ಮಾಮೀಟರ್ ಚಿತ್ರವನ್ನು ತಂದಿತು.

ಈ ಕ್ಷೇತ್ರ ದಾರಿ ತಪ್ಪಿದ್ದೂ ಇದೆ. 1979ರಲ್ಲಿ ಲಂಡನ್ನಿನ ಸ್ಟೀವನ್ ಗ್ರೀರ್ ಮತ್ತು ಸಂಗಡಿಗರು 69 ಮಹಿಳೆಯರನ್ನು ಗಮನಿಸಿ, ಹೋರಾಟದ ಮನೋಭಾವ ಇದ್ದವರು ಹೆಚ್ಚು ಉಳಿದರೆಂದು ಬರೆದರು. 1989ರಲ್ಲಿ ಡೇವಿಡ್ ಸ್ಪೀಗಲ್, ಕ್ಯಾನ್ಸರ್ ಹರಡಿದ್ದ 86 ಮಹಿಳೆಯರಲ್ಲಿ ಗುಂಪು ಮಾತುಕತೆಗೆ ಬಂದವರ ಆಯಸ್ಸು ಸರಾಸರಿ ಸುಮಾರು ದುಪ್ಪಟ್ಟಾಯಿತು ಎಂದರು. ಜಗತ್ತು ಇದನ್ನು ಆಸೆಯಿಂದ ಹಿಡಿದುಕೊಂಡಿತು. ಆದರೆ 1999ರಲ್ಲಿ 578 ಮಹಿಳೆಯರ ಅಧ್ಯಯನದಲ್ಲಿ ಹೋರಾಟದ ಮನೋಭಾವಕ್ಕೂ ಆಯಸ್ಸಿಗೂ ನಂಟು ಕಾಣಲಿಲ್ಲ. 2001ರಲ್ಲಿ ಕೆನಡಾದ 235 ಮಹಿಳೆಯರಲ್ಲಿ ಗುಂಪು ಚಿಕಿತ್ಸೆ ಆಯಸ್ಸು ಹೆಚ್ಚಿಸಲಿಲ್ಲ, ಸಂಕಟವನ್ನೂ ನೋವನ್ನೂ ಮಾತ್ರ ತಗ್ಗಿಸಿತು. ನನಗಂತೂ ಅದೇನೂ ಸಣ್ಣ ಲಾಭವಲ್ಲ. ನಮ್ಮಲ್ಲಿ 'ಗಟ್ಟಿ ಮನಸ್ಸು ಮಾಡ್ಕೊ, ಎಲ್ಲ ಸರಿಹೋಗತ್ತೆ' ಎನ್ನುವ ಅಕ್ಕರೆಯ ಮಾತಿದೆಯಲ್ಲ, ಅದು ಎಷ್ಟೋ ಹೆಂಗಸರ ಮೇಲೆ ಇನ್ನೊಂದು ಹೊರೆಯಾಗಿ ಕೂತಿದೆ. ಗಡ್ಡೆ ಮತ್ತೆ ಬಂದರೆ ತಾನು ಗಟ್ಟಿಯಾಗಿರಲಿಲ್ಲವೇನೋ ಎಂದು ಅವರು ಕೊರಗುತ್ತಾರೆ. ಆ ಕೊರಗಿಗೆ ಗಟ್ಟಿ ಆಧಾರವಿಲ್ಲ ಎಂದು ಈ ಅಧ್ಯಯನಗಳನ್ನು ಮುಂದಿಟ್ಟು ಹೇಳಬಹುದು.

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ನಿಮ್ಹಾನ್ಸ್‌ನ ಸಂತೋಷ್ ಚತುರ್ವೇದಿ, ಪ್ರಭಾ ಚಂದ್ರ ಮೊದಲಾದವರು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ರೋಗಿಗಳ ಮನಸ್ಸನ್ನು ದಶಕಗಳ ಹಿಂದೆಯೇ ಅಧ್ಯಯನ ಮಾಡಿದರು. ಒಳ್ಳೆಯ ಬದುಕು ಎಂದರೇನೆಂದು ಭಾರತೀಯರನ್ನು ಕೇಳಿದಾಗ ಮನಸ್ಸಿನ ನೆಮ್ಮದಿ, ಆಧ್ಯಾತ್ಮಿಕ ತೃಪ್ತಿ ಮುಂದೆ ಬಂದವೆಂದು ಚತುರ್ವೇದಿ 1991ರಲ್ಲಿ ಬರೆದರು. ಯೋಗ ವಿಶ್ವವಿದ್ಯಾಲಯ ಎಸ್-ವ್ಯಾಸದ ಸಂಶೋಧಕರು ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ, ವಿಕಿರಣ, ಕಿಮೋ ಮೂರನ್ನೂ ಹಾಯುತ್ತಿದ್ದ ಮಹಿಳೆಯರಿಗೆ ಯೋಗ ಕಲಿಸಿ, ಆತಂಕವೂ ಕಿಮೋದ ವಾಕರಿಕೆಯೂ ತಗ್ಗಿದ್ದನ್ನು ದಾಖಲಿಸಿದರು.

ನಮ್ಮ ಮನೆಗಳಲ್ಲಿ ಮಾತ್ರ ಮುಚ್ಚಿಡುವ ಹಳೆಯ ಗೋಡೆ ಪೂರ್ತಿ ಬಿದ್ದಿಲ್ಲ. 'ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ, ತಡ್ಕೊಳಲ್ಲ' ಎಂದು ಮಕ್ಕಳು ಬಾಗಿಲಲ್ಲೇ ಕೈಮುಗಿಯುತ್ತಾರೆ. ಪ್ರೀತಿಯಿಂದಲೇ. ಆದರೆ ಕೂದಲು ಉದುರುತ್ತಿರುವ ಅಮ್ಮನಿಗೆ ಏನೋ ಮುಚ್ಚಿಟ್ಟಿದ್ದಾರೆ ಎನ್ನುವುದು ಗೊತ್ತೇ ಇರುತ್ತದೆ. ಆಮೇಲೆ ಮದ್ದು ಬದಲಾದರೆ, ದಿನ ಮುಂದಕ್ಕೆ ಹೋದರೆ, ಕೇಳಲು ಅವಳಿಗೆ ಯಾರೂ ಉಳಿದಿರುವುದಿಲ್ಲ.

2020ರಲ್ಲಿ ಈ ಅನಿಶ್ಚಯ ಎಲ್ಲರ ಮೇಲೂ ಒಟ್ಟಿಗೆ ಬಂತು. ಕೋವಿಡ್ ಲಾಕ್‌ಡೌನ್ ನಡೆದ ಮಾರ್ಚ್‌ನಿಂದ ಮೇವರೆಗಿನ ತಿಂಗಳುಗಳಲ್ಲಿ ದೇಶದ 41 ಕ್ಯಾನ್ಸರ್ ಕೇಂದ್ರಗಳಲ್ಲಿ ಹೊಸ ರೋಗಿಗಳ ನೋಂದಣಿ ಹಿಂದಿನ ವರ್ಷಕ್ಕಿಂತ ಶೇ. 54ರಷ್ಟು ಕುಸಿಯಿತು, ದೊಡ್ಡ ಶಸ್ತ್ರಚಿಕಿತ್ಸೆಗಳು ಸುಮಾರು ಅರ್ಧಕ್ಕಿಳಿದವು.

ಚಿಕಿತ್ಸೆ ಸುಧಾರಿಸಿದಷ್ಟೂ ಯೋಜನೆ ಬದಲಾಗುವ ಸಂದರ್ಭಗಳೂ ಹೆಚ್ಚಿವೆ. ಈಗ ಎಷ್ಟೋ ಜನರಿಗೆ ಮೊದಲು ಕಿಮೋ, ಆಮೇಲೆ ಶಸ್ತ್ರಚಿಕಿತ್ಸೆ. ಗಡ್ಡೆ ಕರಗಿದ ಪ್ರಮಾಣ ನೋಡಿ ಮುಂದಿನ ಮದ್ದು. 2018ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಅಧ್ಯಯನವೊಂದು, ಗಡ್ಡೆಯ ವಂಶವಾಹಿ ಪರೀಕ್ಷೆಯಲ್ಲಿ ಮಧ್ಯಮ ಅಂಕ ಬಂದ ಹೆಚ್ಚಿನವರಿಗೆ ಕಿಮೋ ಬೇಕಿಲ್ಲವೆಂದು ತೋರಿಸಿತು. ಒಳ್ಳೆಯ ಸುದ್ದಿಯೇ. ಆದರೂ ಕಿಮೋಗೆ ಮನಸ್ಸು ಗಟ್ಟಿಮಾಡಿಕೊಂಡವಳಿಗೆ 'ಬೇಡ' ಎಂದಾಗ ಮೊದಲು ಅನ್ನಿಸುವುದು ಕೈಬಿಟ್ಟರೇ ಎಂದು. ಯಾಕೆ ಬೇಡ ಎಂದು ಕೂತು ವಿವರಿಸುವ ಹತ್ತು ನಿಮಿಷವೂ ಚಿಕಿತ್ಸೆಯೇ, ಅದಕ್ಕೂ ಆಸ್ಪತ್ರೆ ಸಮಯ ಮೀಸಲಿಡಬೇಕು.

ಇತ್ತೀಚಿನ ಗಮನವೆಲ್ಲ ಮರುಕಳಿಕೆಯ ಭಯದ ಮೇಲಿದೆ. ಫಿಲಿಸ್ ಬ್ಯೂಟೋ ಅವರ ಆಸ್ಟ್ರೇಲಿಯಾದ ತಂಡ 2017ರಲ್ಲಿ ಪ್ರಕಟಿಸಿದ 'ಕಾಂಕರ್‌ಫಿಯರ್' ಪ್ರಯೋಗದಲ್ಲಿ 222 ಜನರಿದ್ದರು. ಅವರಲ್ಲಿ ಒಂದು ಗುಂಪಿಗೆ ಭಯಪಡಬೇಡಿ ಎಂದು ಹೇಳಲಿಲ್ಲ. ಚಿಂತೆ ಬಂದಾಗ ಅದರ ಹಿಂದೆ ಓಡದೆ ಗಮನ ತಿರುಗಿಸುವುದು, ಯಾವ ಲಕ್ಷಣ ಕಂಡರೆ ವೈದ್ಯರ ಬಳಿ ಹೋಗಬೇಕು, ಯಾವುದಕ್ಕೆ ಬೇಡ ಎಂದು ತಿಳಿಯುವುದು, ಬದುಕಿನಲ್ಲಿ ತನಗೆ ಬೇಕಾದದ್ದೇನೆಂದು ಗುರುತಿಸಿಕೊಳ್ಳುವುದು, ಇಷ್ಟನ್ನು ಕಲಿಸಿದರು. ಬರಿಯ ವಿಶ್ರಾಂತಿ ತರಬೇತಿ ಪಡೆದವರಿಗಿಂತ ಇವರ ಭಯ ಹೆಚ್ಚು ಇಳಿಯಿತು.

ಕೊನೆಯ ದಿನದ ವಿಕಿರಣ ಮುಗಿಸಿ ಹೊರಬಂದವಳಿಗೆ ವೈದ್ಯರು 'ಇನ್ನು ಮೂರು ತಿಂಗಳು ಬಿಟ್ಟು ಬನ್ನಿ' ಎನ್ನುತ್ತಾರೆ. ಮನೆಯವರಿಗೆ ಅದು ಹಬ್ಬದಂಥ ಮಾತು. ಅವಳು ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿಕೊಳ್ಳುತ್ತ ಮೆಲ್ಲಗೆ ಕೇಳುತ್ತಾಳೆ: "ಮಧ್ಯದಲ್ಲಿ ಏನಾದ್ರೂ ಅನ್ನಿಸಿದ್ರೆ, ಬರಬಹುದಾ ಡಾಕ್ಟ್ರೇ?"