ತರೀಕೆರೆಯ ಪುಟ್ಟ ರೈಲು ಕಲಿಸೋ ಪಾಠ

ಬೆಂಗಳೂರಿನ ಮೆಟ್ರೋ ಎಲ್ಲಿಯವರೆಗೆ ಹೋಗಬೇಕು? ನಮ್ಮ ಸ್ಟುಡಿಯೋದಲ್ಲಿ ಈ ಚರ್ಚೆ ಮುಗಿಯೋದೇ ಇಲ್ಲ. ಒಬ್ಬೊಬ್ಬರದ್ದೂ ಒಂದೇ ಬೇಡಿಕೆ: ನಮ್ಮೂರಿಗೂ ಬರಲಿ. ಇದು ಹೊಸ ಆಸೆಯಲ್ಲ ವೀಕ್ಷಕರೇ. ಬನ್ನಿ, ತರೀಕೆರೆಗೆ ಹೋಗಿ ಬರೋಣ.

1889ರಲ್ಲಿ ಬೆಂಗಳೂರಿನಿಂದ ಹರಿಹರದವರೆಗೆ ಮೀಟರ್ ಗೇಜ್ ಹಳಿ ಪೂರ್ತಿಯಾಯ್ತು. ಕಡೂರು, ಬೀರೂರು, ಅಜ್ಜಂಪುರ ಮೂರೂ ಅದೇ ದಾರಿಯಲ್ಲಿವೆ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಹೊರಟಿತು, ತರೀಕೆರೆಗೂ ರೈಲು ಬಂತು. ಆದರೆ ಆಚೆಗಿದ್ದ ಮಲೆನಾಡು ಎತ್ತಿನ ಗಾಡಿಯನ್ನೇ ನಂಬಿಕೊಂಡಿತ್ತು.

ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನ ತರೀಕೆರೆಯಿಂದ ನರಸಿಂಹರಾಜಪುರಕ್ಕೆ, ಅಂದರೆ ಹಳೇ ಎಡೇಹಳ್ಳಿಗೆ, ಒಂದು ಲಘು ರೈಲು ಹಾಕಿಸಿತು. ಹಳಿಗಳ ನಡುವಿನ ಅಗಲ ಬರೀ ಎರಡು ಅಡಿ! ಅಗಲ ಕಡಿಮೆಯಾದರೆ ಗುಡ್ಡದ ತಿರುವಿನಲ್ಲಿ ಸುಲಭವಾಗಿ ತಿರುಗುತ್ತೆ, ಸೇತುವೆ ಸಣ್ಣದಾದರೂ ಸಾಕು, ಖರ್ಚೂ ಕಮ್ಮಿ. ಲೆಕ್ಕ ತಪ್ಪಿರಲಿಲ್ಲ.

ಆದರೆ ತರೀಕೆರೆಯಲ್ಲಿ ಮೀಟರ್ ಗೇಜ್‌ನ ಅಗಲ ಮೂರು ಅಡಿಗೂ ಹೆಚ್ಚು. ಪುಟ್ಟ ಬೋಗಿ ಆ ದೊಡ್ಡ ಹಳಿ ಮೇಲೆ ಓಡೋ ಹಾಗಿಲ್ಲ. ಮಾಲನ್ನು ಇಳಿಸಿ ಮತ್ತೆ ಏರಿಸಬೇಕು. ಎರಡು ಸಲ ಹಮಾಲಿ, ಎರಡು ಸಲ ಕಾಯೋದು. ಆಮೇಲೆ ಲಾರಿ ಬಂತು. ತೋಟದ ಬಾಗಿಲಲ್ಲಿ ತುಂಬಿ ಮಂಡಿಯ ಬಾಗಿಲಲ್ಲೇ ಇಳಿಸುತ್ತೆ. ಇವತ್ತು ಆ ಪುಟ್ಟ ರೈಲೂ ಇಲ್ಲ, ಹಳಿಯೂ ಇಲ್ಲ.

ಈಗ ಪಕ್ಕದ ಕಡೂರು ನೋಡಿ. ಅಲ್ಲಿಂದ ಚಿಕ್ಕಮಗಳೂರಿಗೆ ಬರೀ 46 ಕಿಲೋಮೀಟರ್. ಆ ಮಾರ್ಗ 1990ರ ದಶಕದಲ್ಲಿ ಮಂಜೂರಾಗಿ, ರೈಲು ಓಡಿದ್ದು 2013ರ ನವೆಂಬರ್‌ನಲ್ಲಿ. ಜನ ಖುಷಿಪಟ್ಟರು. ಆದರೆ ಹಳಿ ಚಿಕ್ಕಮಗಳೂರಿನಲ್ಲೇ ನಿಂತರೆ, ಹಾಸನಕ್ಕೋ ಮಂಗಳೂರಿಗೋ ಹೋಗಬೇಕಾದವರು ಅಲ್ಲಿ ಇಳಿದು ಬಸ್ ಹತ್ತಬೇಕು. ಬೇಲೂರು, ಹಾಸನದ ಕಡೆ ವಿಸ್ತರಣೆ ಬೇಕು ಅನ್ನೋದು ಅದಕ್ಕೇ.

ಹಾಗಾಗಿ ನಾನು ಹೇಳೋದಿಷ್ಟೇ. ಹೊಸ ಮಾರ್ಗದ ನಕ್ಷೆ ಬಂದಾಗ ನಮ್ಮೂರ ಹೆಸರಿದೆಯಾ ಅಂತ ನೋಡೋದು ಸಹಜ. ಅದರ ಜತೆಗೆ ಇನ್ನೊಂದು ಪ್ರಶ್ನೆ ಕೇಳಿ: ಕೊನೆಯ ಸ್ಟೇಷನ್‌ನಲ್ಲಿ ಇಳಿದವನು ಮುಂದೆ ಹೇಗೆ ಹೋಗ್ತಾನೆ? ಎರಡು ಅಡಿ ಹಳಿ ಹಾಕುವಾಗ ಉಳಿಸಿದ ದುಡ್ಡಿನ ಬೆಲೆಯನ್ನು ತರೀಕೆರೆ ಸ್ಟೇಷನ್‌ನಲ್ಲಿ ಮೂಟೆ ಹೊತ್ತ ಹಮಾಲಿಯ ಬೆನ್ನು ಕಟ್ಟಿತ್ತು.